ಕೃಪೆಯ ಹಾಡು ಬರೆದ ಹಡಗಿನ ಕಪ್ತಾನ

‘ಅಮೇಜಿಂಗ್ ಗ್ರೇಸ್’ ಎಂಬ ಇಂಗ್ಲಿಷ್ ಕೀರ್ತನೆಯನ್ನು ಚರ್ಚಿನ ಮೆಟ್ಟಿಲು ಹತ್ತದವರೂ ಎಲ್ಲಾದರೂ ಕೇಳಿರುತ್ತಾರೆ. 2015ರ ಜೂನ್‌ನಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ, ಪ್ರಾರ್ಥನೆಗೆ ಕುಳಿತಿದ್ದಾಗ ಗುಂಡಿಗೆ ಬಲಿಯಾದ ಕಪ್ಪು ಜನಾಂಗದ ಪಾದ್ರಿಯೊಬ್ಬರ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಅಧ್ಯಕ್ಷ ಒಬಾಮಾ ಭಾಷಣದ ನಡುವೆ ಮಾತು ನಿಲ್ಲಿಸಿ ಹಾಡಿದ್ದು ಇದನ್ನೇ. ಗುಲಾಮರ ವಂಶಸ್ಥರು ತಮ್ಮದೆಂದೇ ಹಾಡಿಕೊಂಡು ಬಂದ ಈ ಹಾಡನ್ನು ಬರೆದವನು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. ಹೆಸರು ಜಾನ್ ನ್ಯೂಟನ್. ಸೇಬಿನ ಹಣ್ಣಿನ ನ್ಯೂಟನ್ ಬೇರೆ.

ಈ ಹಾಡಿನ ಹಿಂದಿನ ಕಥೆಯನ್ನು ಪ್ರವಚನಕಾರರು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಗುಲಾಮರ ಹಡಗು ಬಿರುಗಾಳಿಗೆ ಸಿಕ್ಕಿತು, ಕಪ್ತಾನ ದೇವರಿಗೆ ಮೊರೆಯಿಟ್ಟ, ಬದುಕಿ ಉಳಿದ, ಪಶ್ಚಾತ್ತಾಪಪಟ್ಟು ಆ ವ್ಯಾಪಾರವನ್ನು ಅಲ್ಲಿಗೇ ಬಿಟ್ಟ, ಕುಳಿತು ಹಾಡು ಬರೆದ. ಕೇಳಲು ಸೊಗಸಾದ ಕಥೆ. ಆದರೆ ನಡೆದದ್ದು ಹೀಗಲ್ಲ. ನಡೆದದ್ದನ್ನು ನೋಡಿದಾಗಲೇ ಕ್ರೈಸ್ತರು ‘ಕೃಪೆ’ ಎಂದು ಯಾವುದನ್ನು ಕರೆಯುತ್ತಾರೆ, ಅದರ ಸುತ್ತ ಇರುವ ತೊಡಕೇನು ಎಂಬುದು ತಿಳಿಯುತ್ತದೆ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ತಂದೆ ಹಡಗಿನ ಕಪ್ತಾನ. ಏಳು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಹುಡುಗ ಸಮುದ್ರದ ಪಾಲಾದ. ಬಲವಂತವಾಗಿ ನೌಕಾಪಡೆಗೆ ಸೇರಿಸಲ್ಪಟ್ಟು, ಅಲ್ಲಿಂದ ಓಡಿಹೋಗಲು ನೋಡಿ ಚಾವಟಿಯೇಟು ತಿಂದ. ಆಮೇಲೆ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಬಿಳಿಯ ಗುಲಾಮ ವ್ಯಾಪಾರಿಯೊಬ್ಬನ ಬಳಿ ಊಟಕ್ಕೂ ಗತಿಯಿಲ್ಲದ ಆಳಾಗಿ ಬಿದ್ದಿದ್ದ. ದೇವರನ್ನು ಹಳಿಯುವುದರಲ್ಲಿ ನಾವಿಕರೇ ಬೆಚ್ಚುವಷ್ಟು ಬಾಯಿ. 1748ರ ಮಾರ್ಚ್‌ನಲ್ಲಿ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಪ್ರಯಾಣಿಕನಾಗಿ ಊರಿಗೆ ಮರಳುತ್ತಿದ್ದಾಗ ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದಿತು. ಗಂಟೆಗಟ್ಟಲೆ ಪಂಪು ಒತ್ತಿ ನೀರು ಹೊರಹಾಕುತ್ತಿದ್ದಾಗ, ದೇವರು ನಮ್ಮನ್ನು ಕರುಣಿಸಲಿ ಎಂಬ ಮಾತು ಅವನಿಗೇ ತಿಳಿಯದಂತೆ ಬಾಯಿಂದ ಬಂತು. ಜೀರ್ಣವಾದ ಹಡಗು ಹೇಗೋ ಐರ್ಲೆಂಡಿನ ದಡ ಸೇರಿತು. ಮಾರ್ಚ್ 21ನ್ನು ನ್ಯೂಟನ್ ಬದುಕಿರುವವರೆಗೂ ವ್ರತದ ದಿನದಂತೆ ಆಚರಿಸಿದ.

ಇಲ್ಲಿಂದ ಮುಂದಿನದನ್ನೇ ಪ್ರವಚನಕಾರರು ಹಾರಿಸಿಬಿಡುತ್ತಾರೆ. ಅವನು ಗುಲಾಮರ ಹಡಗಿನ ಕಪ್ತಾನನಾದದ್ದು ಈ ‘ಪರಿವರ್ತನೆ’ಯ ನಂತರ. 1750ರಿಂದ 1754ರವರೆಗೆ ಮೂರು ಬಾರಿ ಅವನ ಹಡಗು ಆಫ್ರಿಕದಿಂದ ಮನುಷ್ಯರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿತು. ಭಾನುವಾರಗಳಂದು ಎರಡು ಹೊತ್ತು ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಹಲಗೆಯ ಕೆಳಗೆ ಸಂಕೋಲೆ ಹಾಕಿದ ಜನ. ದಂಗೆಯ ಸುಳಿವು ಸಿಕ್ಕಾಗ ಗುಲಾಮರ ಹೆಬ್ಬೆರಳಿಗೆ ತಿರುಪಿನ ಅಡಕೊತ್ತು ಹಾಕಿಸಿದ್ದನ್ನು ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. 1754ರಲ್ಲಿ ಕಡಲು ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, ಕಾಯಿಲೆ ಬಿದ್ದದ್ದರಿಂದ. ಹತ್ತು ವರ್ಷದ ನಂತರ ಬರೆದ ಆತ್ಮಕಥೆಯಲ್ಲಿ, ಆ ಕಸುಬು ತನಗೆ ಹಿತವಾಗಿರಲಿಲ್ಲ, ಜೈಲರನ ಕೆಲಸದಂತಿತ್ತು ಎನ್ನುತ್ತಾನೆಯೇ ಹೊರತು ಅದು ಪಾಪ ಎನ್ನುವುದಿಲ್ಲ.

1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿಗೆ ಪಾದ್ರಿಯಾಗಿ ಹೋದ. ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು. 1773ರ ಜನವರಿ 1ರ ಪ್ರವಚನಕ್ಕೆ ಜೊತೆಯಾಗಲೆಂದು ಹೊಸೆದದ್ದು ಈ ಹಾಡು. ಅಂದಿನ ಪಾಠ ಬೈಬಲಿನ ಒಂದನೆಯ ಪೂರ್ವಕಾಲವೃತ್ತಾಂತದ 17ನೇ ಅಧ್ಯಾಯ. ದೇವರಿಗೆ ಒಂದು ಮನೆ ಕಟ್ಟಿಸಬೇಕೆಂದು ದಾವೀದರಸ ಬಯಸುತ್ತಾನೆ. ಪ್ರವಾದಿ ನಾತಾನನ ಮೂಲಕ ಉತ್ತರ ಬರುತ್ತದೆ: ನೀನು ನನಗೆ ಕಟ್ಟುವುದಲ್ಲ, ನಾನೇ ನಿನಗೆ ಮನೆತನವನ್ನು ಕಟ್ಟಿಕೊಡುತ್ತೇನೆ. ಕೊಡಲು ಹೋದವನು ಪಡೆದು ಬಂದ. ನಾನೆಷ್ಟರವನು ಎಂದು ದಾವೀದ ಬೆರಗಾಗುತ್ತಾನೆ. ಹಾಡು ಹುಟ್ಟಿದ್ದು ಆ ಬೆರಗಿನಿಂದ.

ಕೃಪೆ ಎಂಬ ಮಾತಿನ ತಿರುಳೂ ಇದೇ. ಗಳಿಸಿದ್ದಕ್ಕೆ ಕೂಲಿ ಎನ್ನುತ್ತೇವೆ, ಗಳಿಸದೆ ಬಂದದ್ದು ಕೃಪೆ. ರಕ್ಷಣೆ ಮನುಷ್ಯನ ಪುಣ್ಯಕಾರ್ಯಗಳ ಫಲವಲ್ಲ, ದೇವರ ದಾನ ಎಂದು ಪೌಲ ಎಫೆಸದವರಿಗೆ ಬರೆದ. ಮನುಷ್ಯ ತನ್ನ ಸಂಕಲ್ಪಬಲದಿಂದಲೇ ಒಳ್ಳೆಯವನಾಗಬಲ್ಲ ಎಂದ ಪೆಲಾಜಿಯಸನ ಜೊತೆ ಐದನೆಯ ಶತಮಾನದಲ್ಲಿ ಆಗಸ್ಟೀನ್ ಜಗಳವಾಡಿದ್ದು, 1517ರಲ್ಲಿ ಲೂಥರ್ ಪಾಪವಿಮೋಚನಾ ಪತ್ರಗಳ ಮಾರಾಟದ ವಿರುದ್ಧ ಎದ್ದದ್ದು, ಎರಡರ ಬುಡದಲ್ಲೂ ಈ ಪ್ರಶ್ನೆಯೇ ಇದೆ. ಕ್ಯಾಥೊಲಿಕರೂ ಲೂಥರನ್ನರೂ ಈ ವಿಷಯದ ಮೂಲಾಂಶಗಳಲ್ಲಿ ಒಮ್ಮತವಿದೆಯೆಂದು ಒಂದೇ ಹೇಳಿಕೆಗೆ ಸಹಿ ಹಾಕಿದ್ದು 1999ರಲ್ಲಿ! ಕನ್ನಡದ ಪ್ರಾಟೆಸ್ಟೆಂಟರು ‘ಕೃಪೆ’ ಎನ್ನುವಲ್ಲಿ ಕ್ಯಾಥೊಲಿಕರಲ್ಲಿ ‘ವರಪ್ರಸಾದ’ ಎಂಬ ಮಾತು ಬಳಕೆಯಲ್ಲಿದೆ. ಗುಡಿಯ ಪ್ರಸಾದಕ್ಕೆ ಕೈಯೊಡ್ಡುವ ನಾಡಿನಲ್ಲಿ ಇದು ಬೇಗ ಅರ್ಥವಾಗುವ ಪದ. ತಾಯಿಯನ್ನು ಮರಿಯೇ ಅವಚಿಕೊಳ್ಳುವ ಮರ್ಕಟ ನ್ಯಾಯ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಹೋಗುವ ಮಾರ್ಜಾಲ ನ್ಯಾಯ ಎಂದು ಶ್ರೀವೈಷ್ಣವರು ಶತಮಾನಗಳ ಕಾಲ ವಾದಿಸಿದ್ದನ್ನು ಬಲ್ಲವರಿಗೆ ಈ ಚರ್ಚೆ ಪರಕೀಯವೇನಲ್ಲ. ನ್ಯೂಟನ್ ಮಾತ್ರ ನಿಸ್ಸಂದೇಹವಾಗಿ ಬೆಕ್ಕಿನ ಮರಿಯ ಪಕ್ಷ.

ಆದರೆ ಕೃಪೆ ಹೀಗೆ ಪುಕ್ಕಟೆಯಾದರೆ ನ್ಯಾಯದ ಗತಿಯೇನು? ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮತಿಯಲ್ಲಿ ಬೆಳಗಿನಿಂದ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಬೆಳಗಿನವರು ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವುದು ನನಗಂತೂ ಸಾಧ್ಯವಾಗಿಲ್ಲ. ಲೂಕನ ಸುವಾರ್ತೆಯ ಜಕ್ಕಾಯನ ಕಥೆ ಇನ್ನೊಂದು ಮಗ್ಗುಲು ತೋರಿಸುತ್ತದೆ. ಸುಂಕದವನಾದ ಅವನ ಮನೆಗೆ ಯೇಸು ತಾನಾಗಿಯೇ ಹೋಗುತ್ತಾನೆ. ಯಾವ ಷರತ್ತೂ ಇಲ್ಲ. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ವಾಪಸು ಎನ್ನುತ್ತಾನೆ. ಕೃಪೆ ಮೊದಲು, ಲೆಕ್ಕ ಚುಕ್ತಾ ಮಾಡುವುದು ಆಮೇಲೆ. ಆದರೆ ಆ ‘ಆಮೇಲೆ’ ಬಂದೇ ಬರುತ್ತದೆ. ಅದು ಬಾರದ ಕೃಪೆಯನ್ನು ‘ಅಗ್ಗದ ಕೃಪೆ’ ಎಂದು ಜರೆದವರು ಜರ್ಮನಿಯ ಪಾದ್ರಿ ಡೀಟ್ರಿಶ್ ಬೊನ್‌ಹಾಫರ್, 1937ರ ಪುಸ್ತಕದಲ್ಲಿ. ಹಿಟ್ಲರನ ವಿರುದ್ಧ ನಿಂತ ಅವರನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಲಾಯಿತು.

ನ್ಯೂಟನ್‌ಗೆ ಆ ‘ಆಮೇಲೆ’ ಬರಲು ನಲವತ್ತು ವರ್ಷ ಹಿಡಿಯಿತು. 1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣ ಸಂಸದ, ರಾಜಕೀಯ ಬಿಟ್ಟು ಧರ್ಮಸೇವೆಗೆ ಇಳಿಯಲೇ ಎಂದು ಕೇಳಿಕೊಂಡು ಬಂದಾಗ, ಸಂಸತ್ತಿನಲ್ಲೇ ಇರು ಎಂದು ಕಳುಹಿಸಿದ. 1788ರಲ್ಲಿ ಗುಲಾಮ ವ್ಯಾಪಾರದ ಬಗ್ಗೆ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದ. ಕಪಾಟಿನಲ್ಲಿ ಪುಸ್ತಕ ಒತ್ತಿದಂತೆ ಜನರನ್ನು ಹಡಗಿನಲ್ಲಿ ಒತ್ತಿಡುತ್ತಿದ್ದದ್ದನ್ನು ಅದರಲ್ಲಿ ಬರೆದ. ಈಗ ನೆನೆದರೆ ಎದೆ ನಡುಗುವ ಕೆಲಸದಲ್ಲಿ ತಾನೇ ಕೈಯಾಗಿದ್ದೆ, ಈ ತಪ್ಪೊಪ್ಪಿಗೆ ತೀರ ತಡವಾಯಿತು ಎಂದೂ ಹೇಳಿಕೊಂಡ. ಸರಕಾರದ ವಿಚಾರಣಾ ಸಮಿತಿಗಳ ಮುಂದೆ ಸಾಕ್ಷಿ ನುಡಿದ. ಕಂಡು ಮಾಡಿದವನ ಸಾಕ್ಷ್ಯಕ್ಕೆ ತೂಕವಿತ್ತು. ಆದರೆ ಜಕ್ಕಾಯನಂತೆ ನಾಲ್ಕರಷ್ಟು ಹಿಂದಿರುಗಿಸಲು ಅವನು ಮಾರಿದವರು ಎಲ್ಲಿದ್ದರು?

ಓಲ್ನಿಯ ಇನ್ನೊಬ್ಬನನ್ನು ಇಲ್ಲಿ ನೆನೆಯಬೇಕು. ನ್ಯೂಟನ್ನನ ನೆರೆಯವನೂ ಗೆಳೆಯನೂ ಆದ ಕವಿ ವಿಲಿಯಂ ಕೂಪರ್. ಇಬ್ಬರ ಹಾಡುಗಳೂ ಸೇರಿ 1779ರಲ್ಲಿ ‘ಓಲ್ನಿ ಹಿಮ್ಸ್’ ಎಂಬ ಸಂಗ್ರಹ ಬಂತು. ಕೃಪೆಯ ಹಾಡು ಹುಟ್ಟಿದ ಅದೇ 1773ರಲ್ಲಿ ಕೂಪರನನ್ನು ಖಿನ್ನತೆ ಕವಿಯಿತು. ದೇವರು ತನ್ನೊಬ್ಬನನ್ನು ಕೈಬಿಟ್ಟಿದ್ದಾನೆಂದು ಆತ ನಂಬಿದ. ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದ. ನ್ಯೂಟನ್ ಅವನನ್ನು ಒಂದು ವರ್ಷಕ್ಕೂ ಮೇಲೆ ತನ್ನ ಮನೆಯಲ್ಲೇ ಇರಿಸಿಕೊಂಡು ನೋಡಿಕೊಂಡ. ಆ ನಂಬಿಕೆ ಮಾತ್ರ ಕೊನೆಯವರೆಗೂ ಕೂಪರನನ್ನು ಬಿಡಲಿಲ್ಲ. ಹಾಗಿದ್ದೂ ಗುಲಾಮಗಿರಿಯ ವಿರುದ್ಧ 1788ರಲ್ಲಿ ಪದ್ಯಗಳನ್ನು ಬರೆದ. ಒಬ್ಬ ಮನುಷ್ಯರನ್ನು ಮಾರಿದವನು, ತಾನು ಕ್ಷಮೆ ಪಡೆದೆನೆಂದು ನಿಶ್ಚಿಂತನಾಗಿದ್ದ. ಇನ್ನೊಬ್ಬ ಅಂಥದ್ದೇನೂ ಮಾಡದವನು, ತನಗೆ ಕ್ಷಮೆಯಿಲ್ಲವೆಂದು ಕೊರಗಿದ. ಇದಕ್ಕೆ ಏನು ಹೇಳುವುದು?

ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿದ ಕಾಯ್ದೆಗೆ 1807ರ ಮಾರ್ಚ್‌ನಲ್ಲಿ ಅಂಕಿತ ಬಿತ್ತು. ಕಣ್ಣು ಮಂಜಾಗಿದ್ದ ನ್ಯೂಟನ್ ಅದೇ ಡಿಸೆಂಬರ್‌ನಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡ. ಈಗ ಹಾಡುವ ರಾಗ ಅವನ ಸಾಲುಗಳಿಗೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ. ಕೊನೆಯದಾಗಿ ಹಾಡುವ ಚರಣವಂತೂ ಅವನದೇ ಅಲ್ಲ. ತನ್ನ ಸಮಾಧಿಯ ಬರಹವನ್ನು ಅವನೇ ಸಿದ್ಧಪಡಿಸಿಟ್ಟಿದ್ದ. ಒಂದು ಕಾಲಕ್ಕೆ ನಾಸ್ತಿಕ, ವಿಷಯಲಂಪಟ, ಆಫ್ರಿಕದಲ್ಲಿ ಗುಲಾಮರ ಆಳು ಆಗಿದ್ದವನನ್ನು ಯೇಸುಕ್ರಿಸ್ತನ ಕರುಣೆ ಉಳಿಸಿತು, ಕ್ಷಮಿಸಿತು, ಬೋಧಕನನ್ನಾಗಿಸಿತು ಎಂಬುದು ಅದರ ಸಾರ. ಮೂರು ಸಲ ಗುಲಾಮರ ಹಡಗು ನಡೆಸಿದ ಸಂಗತಿ ಅದರಲ್ಲಿಲ್ಲ.