ಹೀಟ್ ಪಂಪ್: ಹೆದರಿಕೆ ಒಂದು ಕಡೆ, ಅಪಾಯ ಇನ್ನೊಂದು ಕಡೆ

ಬೆಂಗಳೂರಿನ ಅಪಾರ್ಟ್‌ಮೆಂಟ್, ಹಾಸ್ಟೆಲ್, ಪಿಜಿಗಳ ಟೆರೇಸಿನಲ್ಲಿ ಈಚೆಗೆ ಸೋಲಾರ್ ಟ್ಯಾಂಕಿನ ಪಕ್ಕ ಫ್ಯಾನಿರುವ ಪೆಟ್ಟಿಗೆಯೊಂದು ಕಾಣುತ್ತದೆ. ನೋಡಲು ಎಸಿಯ ಹೊರಗಿನ ಯೂನಿಟ್ಟಿನಂತೆಯೇ ಇರುವ ಅದು ಸ್ನಾನದ ನೀರು ಕಾಯಿಸುವ ಹೀಟ್ ಪಂಪ್. ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟು, ಗೀಸರ್ ಬಿಲ್ಲು ಕಂಡು ಬೇಸತ್ತವರು ಇದರತ್ತ ವಾಲುತ್ತಿದ್ದಾರೆ. ಇದರ ಬಗೆಗಿನ ಮಾತುಗಳಂತೂ ಯಂತ್ರಕ್ಕಿಂತ ಬೇಗ ಮನೆ ಮನೆ ಸೇರಿವೆ. ನನ್ನ ತಕರಾರು ಇಷ್ಟೆ: ಜನ ‘ಗ್ಯಾಸ್ ಸಿಡಿದೀತು’ ಎಂದು ಹೆದರುತ್ತಾರೆ; ನಿಜವಾದ ಅಪಾಯ ಹೆಚ್ಚಾಗಿ ನೀರಿನ ಪೈಪಿನಲ್ಲೂ ವೈರಿಂಗಿನಲ್ಲೂ ಇರುತ್ತದೆ, ಅತ್ತ ಯಾರೂ ತಿರುಗಿ ನೋಡುವುದಿಲ್ಲ.

“ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖವಂತೆ! ಬರೀ ಮಾರಾಟದ ಮಾತು.”

ಮೂರು ಪಟ್ಟಿನ ಮಾತು ನಿಜವೇ. ಗೀಸರ್ ಕರೆಂಟನ್ನೇ ಶಾಖವಾಗಿಸುತ್ತದೆ. ಹೀಟ್ ಪಂಪ್ ಗಾಳಿಯಲ್ಲಿ ಆಗಲೇ ಇರುವ ಶಾಖವನ್ನು ಎತ್ತಿ ನೀರಿಗೆ ಹಾಕುತ್ತದೆ. ತಣ್ಣಗಿನ ರೆಫ್ರಿಜರೆಂಟ್ ಗಾಳಿಯ ಶಾಖ ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಏರಿಸುತ್ತದೆ, ಆ ಬಿಸಿ ನೀರಿಗೆ ಇಳಿಯುತ್ತದೆ. ಕರೆಂಟು ಬೇಕಾಗುವುದು ಮುಖ್ಯವಾಗಿ ಈ ಕಂಪ್ರೆಸರಿಗೆ, ಫ್ಯಾನಿಗೆ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರಿಗೆ ಸುಮಾರು 7 ಯೂನಿಟ್ ಬೇಕು. ಮೂರು ಪಟ್ಟು ಶಾಖ ಕೊಡುವ ಹೀಟ್ ಪಂಪಿಗೆ ಎರಡೂಕಾಲು, ಎರಡೂವರೆ ಸಾಕು. ತಂತ್ರವೂ ಹೊಸದೇನಲ್ಲ. ಲಾರ್ಡ್ ಕೆಲ್ವಿನ್ ಇದರ ತತ್ವವನ್ನು ವಿವರಿಸಿದ್ದು 1852ರಲ್ಲಿ. ಜ್ಯೂರಿಕ್‌ನ ಪುರಭವನ 1938ರಲ್ಲೇ ಲಿಮ್ಮಾಟ್ ನದಿಯ ನೀರಿನಿಂದ ಶಾಖ ತೆಗೆದು ಬೆಚ್ಚಗಾಗಿತ್ತು. ಚಳಿ ಊರಿಗೆ ಇದು ಆಗಿಬರುವುದಿಲ್ಲ ಎನ್ನುವವರು ನಾರ್ವೆ, ಸ್ವೀಡನ್, ಫಿನ್ಲೆಂಡುಗಳ ಕಡೆ ನೋಡಲಿ. ಮನೆಗಳ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹೀಟ್ ಪಂಪ್ ಇರುವ ದೇಶಗಳಲ್ಲಿ ಅವೂ ಸೇರಿವೆ. ಅಂಥ ಊರುಗಳಲ್ಲಿರುವ ನಮ್ಮವರು ಚಳಿಗಾಲದಲ್ಲಿ ಯೂನಿಟ್ಟಿನಿಂದ ‘ಹೊಗೆ’ ಎದ್ದಿತೆಂದು ಗಾಬರಿಯಾಗುವುದುಂಟು. ಕಾಯಿಲ್ ಮೇಲೆ ಕಟ್ಟಿದ ಹಿಮವನ್ನು ಯಂತ್ರ ತಾನೇ ಕರಗಿಸಿಕೊಳ್ಳುವಾಗ ಏಳುವ ಹಬೆ ಅದು.

“ವರ್ಷಕ್ಕೊಂದು ಸಲ ಗ್ಯಾಸ್ ಹಾಕಿಸಬೇಕು.”

ಈ ನಂಬಿಕೆ ಎಸಿ ರಿಪೇರಿಯ ಕಾಲದಿಂದ ಬಂದದ್ದು. ಗ್ಯಾಸ್ ಮುಚ್ಚಿದ ಕೊಳವೆಯೊಳಗೇ ಸುತ್ತುತ್ತಿರುತ್ತದೆ, ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಟಾಪ್‌ಅಪ್ ಮಾಡಿ ಹೋಗುವ ಮೆಕ್ಯಾನಿಕ್ ಮತ್ತೆ ಬರುವುದು ಖಂಡಿತ, ಬಿಲ್ಲೂ ಅಷ್ಟೇ ಖಂಡಿತ. ಬಲ್ಲವನು ನೈಟ್ರೋಜನ್ ತುಂಬಿಸಿ ಒತ್ತಡ ನೋಡುತ್ತಾನೆ, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚುತ್ತಾನೆ, ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ತೆಗೆದು, ತಕ್ಕಡಿಯಲ್ಲಿ ತೂಗಿ ಗ್ಯಾಸ್ ತುಂಬುತ್ತಾನೆ. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ಹೊತ್ತು ಬಂದರೆ ಅವನನ್ನು ಬಾಗಿಲಲ್ಲೇ ತಡೆಯಿರಿ. ಕಂಪ್ರೆಸರಿನ ಎಣ್ಣೆ ಮತ್ತು ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವಾಗಬಹುದು. ಇನ್ನು ಗ್ಯಾಸ್ ಸಿಡಿಯುವ ಹೆದರಿಕೆ. ರೆಫ್ರಿಜರೆಂಟುಗಳಲ್ಲಿ ಆರ್-290 ಎಂದರೆ ಪ್ರೊಪೇನ್, ಚೆನ್ನಾಗಿ ಹೊತ್ತಿಕೊಳ್ಳುತ್ತದೆ, ಆರ್-32 ಅಲ್ಪಸ್ವಲ್ಪ. ಅವುಗಳಿಗೆಂದೇ ಮಾಡಿದ ಯಂತ್ರದಲ್ಲಿ, ಬಯಲಿನಲ್ಲಿ ಕೂರಿಸಿದ್ದರೆ ಭಯಪಡಬೇಕಿಲ್ಲ. ಹಳೆಯ ಆರ್-22 ಯಂತ್ರಕ್ಕೆ ಅಗ್ಗವೆಂದು ಪ್ರೊಪೇನ್ ತುಂಬಿಸಿದರೆ ಮಾತ್ರ ಭಯಪಡಲೇಬೇಕು.

“ವಾಲ್ವ್ ತೊಟ್ಟಿಕ್ಕುತ್ತಿದೆ, ನೀರು ಪೋಲು, ಬಂದ್ ಮಾಡಿಸಿ.”

ಈ ಮಾತು ಕೇಳಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಒತ್ತಡದ ಟ್ಯಾಂಕಿನ ಮೈಮೇಲೆ ಪುಟ್ಟ ಹಿಡಿಯಿರುವ ಹಿತ್ತಾಳೆಯ ವಾಲ್ವ್ ಒಂದಿರುತ್ತದೆ, ಸೇಫ್ಟಿ ವಾಲ್ವ್. 20 ಡಿಗ್ರಿಯ 200 ಲೀಟರ್ ನೀರು 65 ಡಿಗ್ರಿಗೆ ಕಾದಾಗ ಸುಮಾರು ಮೂರೂವರೆ ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಬೇರೆ ದಾರಿ ಕೊಟ್ಟಿರದಿದ್ದರೆ ಅದು ಈ ವಾಲ್ವಿನಿಂದಲೇ ತೊಟ್ಟಿಕ್ಕುತ್ತದೆ. ಅದು ವಾಲ್ವಿನ ಕೆಲಸ. ಹನಿ ನೋಡಲಾರದೆ ಟೆಫ್ಲಾನ್ ಟೇಪ್ ಸುತ್ತಿ ಎಂಡ್ ಪ್ಲಗ್ ತಿರುಗಿಸಿದರೆ ಟೆರೇಸು ಒಣಗುತ್ತದೆ, ಟ್ಯಾಂಕಿನ ಒಳಗೆ ಒತ್ತಡ ಏರುತ್ತದೆ. ಅದರ ಜೊತೆಗೆ ಬ್ಯಾಕಪ್ ಹೀಟರಿನ ಥರ್ಮೋಸ್ಟಾಟ್ ಕೆಟ್ಟರೆ ನೀರು ಕುದಿಯದೆಯೇ 100 ಡಿಗ್ರಿ ದಾಟುತ್ತದೆ. ಟ್ಯಾಂಕ್ ಸೀಳಿದ ಕ್ಷಣದಲ್ಲಿ ಆ ನೀರಿನ ಒಂದು ಪಾಲು ಹಬೆಯಾಗಿ ಸಿಡಿಯುತ್ತದೆ. ವಾಲ್ವಿನ ಪೈಪ್ ಕೆಳಮುಖವಾಗಿ, ತೆರೆದ ಬಾಯಲ್ಲಿ, ಯಾರ ಕಾಲಿಗೂ ಬಿಸಿನೀರು ಬೀಳದ ಕಡೆ ಮುಗಿಯಬೇಕು. ಅದಕ್ಕೆ ನಲ್ಲಿ ಕೂರಿಸಬಾರದು. ಒತ್ತಡವಿಲ್ಲದ ಟ್ಯಾಂಕಾದರೆ ಅದರ ಏರ್ ವೆಂಟನ್ನೂ ಮುಚ್ಚಬಾರದು. ಇನ್ನು, ಹನಿಯ ಬದಲು ಧಾರೆಯೇ ಸುರಿಯುತ್ತಿದ್ದರೆ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು, ಪ್ರೆಷರ್ ಪಂಪಿನ ಒತ್ತಡ ಜಾಸ್ತಿಯಾಗಿರಬಹುದು. ತೋರಿಸಬೇಕು.

ಉಳಿತಾಯಕ್ಕೆಂದು 45 ಡಿಗ್ರಿಗೆ ಇಟ್ಟುಬಿಡುವವರೂ ಇದ್ದಾರೆ. ಬಿಲ್ಲು ಇಳಿಯುವುದು ನಿಜ. ಆದರೆ 20ರಿಂದ 45 ಡಿಗ್ರಿಯ ನಿಂತ ನೀರು ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ನ್ಯುಮೋನಿಯಾ ತಂದದ್ದು ಇದೇ. ಷವರಿನ ಸಣ್ಣ ಹನಿಗಳ ಜೊತೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಯಸ್ಸಾದವರು, ಸಿಗರೇಟು ಸೇದುವವರು ಬೇಗ ತುತ್ತಾಗುತ್ತಾರೆ. ದಿನಾ ಟ್ಯಾಂಕ್ ಬರಿದಾಗುವ ಮನೆಗಿಂತ ರಜೆಯಲ್ಲಿ ವಾರಗಟ್ಟಲೆ ನೀರು ನಿಲ್ಲುವ ಹಾಸ್ಟೆಲಿಗೆ ಇದರ ಚಿಂತೆ ಹೆಚ್ಚು. ಟ್ಯಾಂಕಿನಲ್ಲಿ 60 ಡಿಗ್ರಿ ಇಡುವುದು, ಇಲ್ಲವೇ ವಾರಕ್ಕೊಮ್ಮೆಯಾದರೂ ಅಷ್ಟಕ್ಕೆ ಏರಿಸುವುದು ವಾಡಿಕೆಯ ಪರಿಹಾರ. ಆದರೆ 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಹಾಗಾಗಿ ಬಚ್ಚಲಿಗೆ ಹೋಗುವ ಲೈನಿಗೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಲೇಬೇಕು. ಅದರ ದುಡ್ಡು ಉಳಿಸುವುದು ಜಾಣತನವಲ್ಲ.

“ಮಳೆ ಬೀಳದಂತೆ ಶೆಡ್ಡಿನೊಳಗೆ ಇಟ್ಟರೆ ಬಾಳಿಕೆ ಬರುತ್ತದೆ” ಎನ್ನುವುದು ತಪ್ಪು. ಸುತ್ತಲೂ ಮುಚ್ಚಿದರೆ ಯಂತ್ರ ತಾನು ಉಗುಳಿದ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಏದುಸಿರು ಬಿಡುತ್ತದೆ. ಫ್ಯಾನಿನ ಗಾಳಿಗೆ ಬಟ್ಟೆ ಒಣಗಲೆಂದು ಎದುರಿಗೇ ಹಗ್ಗ ಕಟ್ಟುವುದೂ ಬೇಡ.

ಬೋರ್‌ವೆಲ್ ನೀರಿನ ಊರಿನಲ್ಲಿ ಸರ್ವಿಸಿನವನನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: “ಆನೋಡ್ ರಾಡ್ ತೆಗೆದು ನೋಡಿದ್ರಾ?” ಒಳಗೆ ಲೇಪವಿರುವ ಉಕ್ಕಿನ ಟ್ಯಾಂಕು ತುಕ್ಕು ಹಿಡಿಯದಿರಲೆಂದು ತಾನು ಸವೆಯುವ ಮೆಗ್ನೀಷಿಯಂ ಕಡ್ಡಿ ಅದು. ಹಾಕುವಾಗ ಬೆರಳಿನಷ್ಟು ದಪ್ಪವಿದ್ದದ್ದು ಹೊರಬರುವಾಗ ನಡುವಿನ ತಂತಿಯಷ್ಟೇ ಉಳಿದಿದ್ದರೆ, ಮುಂದಿನ ಸರದಿ ಟ್ಯಾಂಕಿನದು.

ಸ್ವಿಚ್ ಆಫ್ ಮಾಡಿದರೆ ಒಳಗೆ ಕೈ ಹಾಕಬಹುದು ಎಂಬ ಧೈರ್ಯ ಬೇಡ. ಎಂಸಿಬಿ ಇಳಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಮನೆಯವರು ಮಾಡಬಹುದಾದದ್ದು ಎಂಸಿಬಿ ಆಫ್ ಮಾಡಿ, ಹೊರಗಿನ ಫಿನ್‌ಗಳ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯುವುದು, ಅಷ್ಟೆ. ಕಾರು ತೊಳೆಯುವ ಜೆಟ್ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ. ಯಂತ್ರಕ್ಕೆ ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸು ಕೂಡದು.

ಮುಂದಿನ ಸಲ ಟೆರೇಸಿಗೆ ಹೋದಾಗ ಸೇಫ್ಟಿ ವಾಲ್ವಿನ ಪೈಪಿನ ತುದಿ ನೋಡಿ. ಅಲ್ಲಿ ಪ್ಲಗ್ ಇದ್ದರೆ ನೀವೇ ಬಿಚ್ಚಲು ಹೋಗಬೇಡಿ. ಮೊದಲು ಎಂಸಿಬಿ ಇಳಿಸಿ, ನೀರು ಆರಲು ಬಿಡಿ, ಆಮೇಲೆ ಸರ್ವಿಸಿನವರಿಗೆ ಫೋನ್ ಮಾಡಿ.