ಹೊಸ ಉಪಕರಣ ರೂಪಿಸಿದ ರೈತರು ಹಣ ಕೊಡುವ ಮುನ್ನ

ತೆರಕಣಾಂಬಿ ಸುತ್ತಿನ ಹೊಲಗಳಲ್ಲಿ ಅರಿಶಿನ, ಸಣ್ಣ ಈರುಳ್ಳಿ ಬೆಳೆಗಳಿಗೆ ಆಳಿನ ಖರ್ಚು ಹೆಚ್ಚು. ಇದನ್ನು ತಗ್ಗಿಸಲು ರೈತರೇ ವೆಲ್ಡಿಂಗ್ ಅಂಗಡಿಯಲ್ಲಿ ಕುಂಟೆ, ಕೂರಿಗೆಗಳನ್ನು ಮಾರ್ಪಡಿಸಿಕೊಳ್ಳುವುದುಂಟು. ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮೊದಲಾದವನ್ನು ರೂಪಿಸಿದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಇಂತಹ ಉಪಕರಣದ ಸುದ್ದಿ ಹರಡಿದಾಗ, ‘ಪೇಟೆಂಟ್ ಕೊಡಿಸುತ್ತೇವೆ, ದೊಡ್ಡ ಕಂಪನಿಗೆ ಮಾರಿಸುತ್ತೇವೆ’ ಎಂದು ಮುಂಗಡ ಕೇಳುವವರು ಬರಬಹುದು. ಅಮೆರಿಕದಲ್ಲಿ ವರ್ಲ್ಡ್ ಪೇಟೆಂಟ್ ಮಾರ್ಕೆಟಿಂಗ್ ಎಂಬ ಸಂಸ್ಥೆಯು ಸಾವಿರಾರು ಡಾಲರ್ ಪಡೆದು ಹೇಳಿದ ಸೇವೆ ಸಲ್ಲಿಸಲಿಲ್ಲವೆಂದು ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು 2017ರಲ್ಲಿ ದಾವೆ ಹೂಡಿತು. 2018ರಲ್ಲಿ ಆ ಸಂಸ್ಥೆಗೆ ಈ ವ್ಯವಹಾರವನ್ನೇ ನಿಷೇಧಿಸಲಾಯಿತು.

ಹಣಕ್ಕಿಂತ ದೊಡ್ಡ ನಷ್ಟ

ಪೇಟೆಂಟ್ ಹಕ್ಕಿಗೆ ಅರ್ಜಿ ಸಲ್ಲಿಸಿದ ದಿನಾಂಕವೇ ಆಧಾರ. ಹಣ ಪಡೆದವರು ಅರ್ಜಿಯನ್ನೇ ಹಾಕದಿದ್ದು, ರೈತರು ಅದನ್ನು ನಂಬಿ ಉಪಕರಣವನ್ನು ಮೇಳದಲ್ಲಿ ತೋರಿಸಿದರೆ ಸಾಮಾನ್ಯವಾಗಿ ಅದರ ಹೊಸತನವೇ ಕಳೆದುಹೋಗುತ್ತದೆ. ಮುಂಗಡ ಹಿಂದಿರುಗಬಹುದು, ಹಕ್ಕು ಹಿಂದಿರುಗದು. ಆದ್ದರಿಂದ ಮೊದಲು ಅರ್ಜಿ, ಅನಂತರ ಪ್ರದರ್ಶನ.

ತಿಳಿದಿರಬೇಕಾದ ಅಂಶಗಳು

1. ತಾತ್ಕಾಲಿಕ ಅರ್ಜಿಯ ರಸೀದಿ ಪೇಟೆಂಟ್ ಅಲ್ಲ. 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸದಿದ್ದರೆ ಆ ಅರ್ಜಿ ಕೈಬಿಟ್ಟಂತೆ.

2. ವಿನ್ಯಾಸ ನೋಂದಣಿಯು ವಸ್ತುವಿನ ಹೊರ ಆಕಾರಕ್ಕೆ ಮಾತ್ರ ರಕ್ಷಣೆ. ಅದು ಕೆಲಸ ಮಾಡುವ ಬಗೆಗೆ ಅಲ್ಲ.

3. 1970ರ ಪೇಟೆಂಟ್ ಕಾಯಿದೆಯ 3ನೇ ಕಲಮಿನಂತೆ ಬೇಸಾಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಬಿತ್ತನೆಯ ಅಂತರಕ್ಕೆ ಪೇಟೆಂಟ್ ಕೊಡಿಸುತ್ತೇವೆಂದರೆ ನಂಬಬಾರದು. ಹೊಸ ಯಂತ್ರಕ್ಕೆ ದೊರೆಯಬಹುದು. ಅವಧಿ 20 ವರ್ಷ.

4. ವ್ಯಕ್ತಿಯೊಬ್ಬರು ಅಂತರಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಪರೀಕ್ಷಣೆ ಮುಂತಾದವುಗಳ ಶುಲ್ಕ ಬೇರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ.

ಕರಾರಿನಲ್ಲಿ ಏನಿರಬೇಕು?

ಯಾವ ಕೆಲಸ, ಯಾವ ತಾರೀಖಿನೊಳಗೆ, ಎಷ್ಟು ಹಣಕ್ಕೆ ಎಂಬುದನ್ನು ಬರೆಸಿಕೊಳ್ಳಬೇಕು. ಅರ್ಜಿ ರೈತರ ಹೆಸರಿನಲ್ಲೇ ಇರತಕ್ಕದ್ದು. ಹಣವನ್ನು ಕೆಲಸ ಮುಗಿದಂತೆ ಕಂತಿನಲ್ಲಿ, ಬ್ಯಾಂಕಿನ ಮೂಲಕ ಕೊಡುವುದು ಲೇಸು. ಪೇಟೆಂಟ್ ಏಜೆಂಟರು ನೋಂದಾಯಿತರೇ ಎಂದು ಪೇಟೆಂಟ್ ಕಚೇರಿಯ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಕೊಟ್ಟ ಹಣಕ್ಕಿಂತ ಹೆಚ್ಚು ಗಳಿಸಿದ ಗ್ರಾಹಕರು ಎಷ್ಟು ಮಂದಿ ಎಂದೂ ಕೇಳಬೇಕು. 1999ರ ಕಾಯಿದೆಯಂತೆ ಅಮೆರಿಕದ ಸಂಸ್ಥೆಗಳು ಇದನ್ನು ಕರಾರಿಗೆ ಮುಂಚೆಯೇ ಬರಹದಲ್ಲಿ ತಿಳಿಸಬೇಕು.

ಸೇವೆ ಸಿಗದಿದ್ದರೆ

ಮೊದಲು ಅರ್ಜಿ ಸಂಖ್ಯೆಯನ್ನು ಕೇಳಿ ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳುಹಿಸಬೇಕು. ಉತ್ತರ ಬಾರದಿದ್ದರೆ, ಕಾರಣ ಉಂಟಾದ 2 ವರ್ಷದೊಳಗೆ ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 2019ರ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಸಹಾಯವಾಣಿ 1915. ಕರಾರು, ರಸೀದಿ, ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.

ಮಧ್ಯವರ್ತಿಯ ಬಳಿಗೆ ಹೋಗುವ ಮುನ್ನ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಕೇಂದ್ರ ಸರ್ಕಾರದ ನೆರವಿನಿಂದ 2000ದಲ್ಲಿ ಆರಂಭವಾದ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್, ತಾನು ಆಯ್ದ ಗ್ರಾಮೀಣ ಸಂಶೋಧಕರಿಗೆ ಪೇಟೆಂಟ್ ಅರ್ಜಿಯಲ್ಲಿ ನೆರವಾಗುತ್ತದೆ.