ಬಾಯಿಯ ಮಚ್ಚೆಗೂ ಮನಸ್ಸಿನ ಚಿಂತೆಗೂ ನಂಟು

‘ಟೆನ್ಷನ್ ಹೆಚ್ಚಾದಾಗ ಒಂದು ಚಿಟಿಕೆ ಕಡ್ಡಿಪುಡಿ ಬೇಕೇ ಬೇಕು’ ಎನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ತಂಬಾಕು ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂಬ ನಂಬಿಕೆ ಬಲವಾಗಿದೆ. ಇದು ನಿಜವೇ?

ತಂಬಾಕಿನಲ್ಲಿರುವ ನಿಕೋಟಿನ್ ರಕ್ತದಲ್ಲಿ ಕಡಿಮೆಯಾದಾಗ ಚಟವಿರುವವರಿಗೆ ಚಡಪಡಿಕೆ, ಸಿಡುಕು ಶುರುವಾಗುತ್ತದೆ. ಮತ್ತೊಂದು ಚಿಟಿಕೆ ಬಾಯಿಗೆ ಬಿದ್ದಾಗ ಶಮನವಾಗುವುದು ಈ ಚಡಪಡಿಕೆಯೇ ಹೊರತು ಸಂಸಾರದ ಚಿಂತೆಯಲ್ಲ.

ಕಾರ್ಟಿಸಾಲ್ ಪಾತ್ರ

ಚಿಂತೆ, ಭಯ ಆವರಿಸಿದಾಗ ಮೆದುಳಿನ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಆಪತ್ತಿನ ಹೊತ್ತಿನಲ್ಲಿ ಇದು ಉಪಕಾರಿ. ಆದರೆ ಬಹುಕಾಲ ಹೆಚ್ಚಾಗಿಯೇ ಉಳಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ನಿಕೋಟಿನ್ ಕೂಡ ಕಾರ್ಟಿಸಾಲನ್ನು ಹೆಚ್ಚಿಸಬಲ್ಲದು. ನೆಮ್ಮದಿಗೆಂದು ಹಾಕಿಕೊಂಡದ್ದೇ ದೇಹವನ್ನು ಒತ್ತಡಕ್ಕೆ ದೂಡುತ್ತದೆ!

ಈ ಹಾರ್ಮೋನನ್ನು ಜೊಲ್ಲಿನಲ್ಲೂ ಅಳೆಯಬಹುದು. ತಂಬಾಕು, ಅಡಿಕೆಯಿಂದ ಬಾಯಿ ಕೆಟ್ಟವರಲ್ಲಿ ಇದರ ಮಟ್ಟ ಆರೋಗ್ಯವಂತರಿಗಿಂತ ಹೆಚ್ಚಿದ್ದುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗೆಂದು ಚಿಂತೆಯೇ ಮಚ್ಚೆಗೆ ಕಾರಣ ಎನ್ನಲಾಗದು. ಮೂಲ ಕಾರಣ ತಂಬಾಕು ಮತ್ತು ಅಡಿಕೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಮಚ್ಚೆ ಕಂಡ ಮೇಲೆ ‘ಕ್ಯಾನ್ಸರ್ ಇರಬಹುದೇ?’ ಎಂಬ ಹೆದರಿಕೆ, ನಿದ್ದೆಗೇಡು. ಅದನ್ನು ಮರೆಯಲು ಮತ್ತೆ ತಂಬಾಕು. ಯಾರಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವುದರಿಂದ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಗಮನಿಸಬೇಕಾದ ಲಕ್ಷಣಗಳು

ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಎರಡು ವಾರವಾದರೂ ಮಾಯದ ಹುಣ್ಣು. ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಅಗತ್ಯವಿದ್ದರೆ ವೈದ್ಯರು ಚಿಕ್ಕ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಬಿಡುವುದು ಹೇಗೆ?

ತಂಬಾಕು ಬಿಟ್ಟರೆ ಎಷ್ಟೋ ಬಿಳಿ ಮಚ್ಚೆಗಳು ಕುಗ್ಗುತ್ತವೆ, ಕೆಲವು ಮಾಯವಾಗುತ್ತವೆ. ಅಡಿಕೆಯಿಂದ ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದು ಕಷ್ಟ. ಆದರೆ ಬೇಗ ಬಿಟ್ಟಷ್ಟೂ ಹಾನಿ ಕಡಿಮೆ. ಮೊದಲ ವಾರ ಚಡಪಡಿಕೆ ಹೆಚ್ಚು. ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ನಡಿಗೆ, ದೀರ್ಘ ಉಸಿರಾಟ, ಸಾಕಷ್ಟು ನಿದ್ದೆ ನೆರವಾಗುತ್ತವೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಚಿಂತೆ, ಖಿನ್ನತೆ ಕಾಡುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ.

ಮನೆಯವರಿಗೊಂದು ಮಾತು: ಬೈದು, ಹಂಗಿಸಿದರೆ ಆತ ಕದ್ದು ಹಾಕಿಕೊಳ್ಳುತ್ತಾನೆ, ಬಾಯಿಯ ಮಚ್ಚೆಯನ್ನೂ ಮುಚ್ಚಿಡುತ್ತಾನೆ. ಅದರ ಬದಲು ಜೊತೆಯಲ್ಲಿ ವೈದ್ಯರ ಬಳಿಗೆ ಹೋಗಿ. ಬಾಯಿಗೆ ಚಿಕಿತ್ಸೆ ಎಷ್ಟು ಮುಖ್ಯವೋ ಮನಸ್ಸಿಗೆ ಆಸರೆಯೂ ಅಷ್ಟೇ ಮುಖ್ಯ.